ರುಚಿಯಕ್ಕನ ಸಿಹಿಕುಂಬಳ

ಪಕ್ಕದ ಮನೆಯ ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ರುಚಿಯಕ್ಕ. ಹಿತ್ತಲಲ್ಲಿ ಆಯಾ ಕಾಲಕ್ಕೆ ಬೆಳೆದದ್ದಲ್ಲದೆ ಬೇರೇನೂ ಅವರ ಒಲೆ ಏರುವುದಿಲ್ಲ. ಅಂಗಡಿ ತರಕಾರಿ ಕಂಡರೆ ಯಾರೋ ಉಟ್ಟು ಬಿಟ್ಟ ಬಟ್ಟೆ ಕೊಟ್ಟಂತೆ ಮುಖ ಸಿಂಡರಿಸುತ್ತಾರೆ. ಕಿತ್ತದ್ದನ್ನೂ ಕಚ್ಚಿ ನೋಡದೆ ಒಳಗೆ ತರುವವರಲ್ಲ. ಗಿಡದ ಹತ್ತಿರ ಆಡಿದ ಮಾತೆಲ್ಲ ಕಾಯಿಗೆ ಇಳಿಯುತ್ತದೆ ಎಂಬುದು ಅವರ ವಾದ. “ಈ ಟೊಮೆಟೊ ಹಣ್ಣಾಗೋವಾಗ ಬೇಲಿ ಆಚೆ ಗಂಡ ಹೆಂಡ್ತಿ ಕಿತ್ತಾಡಿದಾರೆ, ಅಡುಗೆಗೆ ಬೇಡ” ಎಂದು ಅವರು ಎಸೆದ ದಿನದಿಂದ ನಾನೂ ನನ್ನವಳೂ ಪಿಸುದನಿಯಲ್ಲೇ ಜಗಳವಾಡುತ್ತೇವೆ. ಅವರು ಬಾಯಿಗಿಡದ್ದು ಒಂದೇ, ಮೂಲೆಯ ಸಿಹಿಕುಂಬಳ. ಆ ಬಳ್ಳಿ ನೆಟ್ಟವಳು ಅವರ ತಂಗಿ. ಅಕ್ಕನ ಜೊತೆ ಮಾತು ಬಿಟ್ಟವಳು, ಮತ್ತೆ ಮಾತಾಡದೆಯೇ ತೀರಿಕೊಂಡಳು. ಬಳ್ಳಿ ಮಾತ್ರ ಬಿದ್ದ ಬೀಜದಿಂದ ಪ್ರತಿವರ್ಷ ತಾನಾಗಿ ಏಳುತ್ತದೆ. ಮೊದಲ ಕಾಯಿ ತುರಿದು, ಬೆಣ್ಣೆ ಬೆಲ್ಲ ಸುರಿದು ಕೇಕು ಮಾಡಿ, ಬಿಸಿಬಿಸಿಯಾಗಿ ನಮ್ಮ ಬಾಗಿಲಿಗೆ ತರುತ್ತಾರೆ. “ನೀವೇ ತಿಂದು ಹೇಳಿ, ಅವಳಿಗೆ ಇನ್ನೂ ನನ್ನ ಮೇಲೆ ಕೋಪ ಇದೆಯಾ?” ನಾನು ಅಗಿಯುವಾಗ ಅವರು ನನ್ನ ಬಾಯನ್ನೇ ನೋಡುತ್ತಿರುತ್ತಾರೆ. “ಇಲ್ಲಕ್ಕಾ, ಎಷ್ಟು ಸಿಹಿಯಾಗಿದೆ!” ಎನ್ನುತ್ತೇನೆ. ಏಳು ವರ್ಷದಿಂದ ಇದೇ ಮಾತು. ಅವರು ಬೆಲ್ಲ ಹೆಚ್ಚಿಸುತ್ತಲೇ ಇದ್ದಾರೆ, ಕೇಕು ವರ್ಷದಿಂದ ವರ್ಷಕ್ಕೆ ಕಹಿಯಾಗುತ್ತಲೇ ಇದೆ. ಈ ಸಲ ಬಳ್ಳಿ ಬೇಲಿ ಹತ್ತಿ ಇಳಿದು ನಮ್ಮ ಹೊಸ್ತಿಲವರೆಗೂ ಬಂದಿದೆ. ನಾಳೆ ಅಕ್ಕ ಕೇಕು ತಂದಾಗ ನಾನು ಬಳ್ಳಿಯ ಪಕ್ಕದಲ್ಲೇ ನಿಂತು ಸುಳ್ಳು ಹೇಳಬೇಕು.