ದೀಪಸ್ತಂಭದಿಂದ ವಾಪಸ್

ನನ್ನ ಗಂಡನಷ್ಟು ನಿಧಾನದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವರು ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ನಾನು ಒಂದು ಹೊತ್ತಿನ ಪಾತ್ರೆ ತೊಳೆದು ಮುಗಿಸುತ್ತೇನೆ. ಮದುವೆಯಾದ ಹೊಸದರಲ್ಲಿ ಇದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಆ ನಿಧಾನವೇ ನಮ್ಮ ಮನೆಗೆ ಅನ್ನ ಹಾಕಿತು. ಹಾಗಾಗಿ ಬಾಯಿ ಮುಚ್ಚಿಕೊಂಡೆ, ಪೂರ್ತಿಯಲ್ಲ, ಅರ್ಧ.

ಹದಿನಾಲ್ಕು ವರ್ಷ ಅವರು ಗಾಜಿನಂಗಡಿಯ ವ್ಯಾನ್ ಓಡಿಸಿದವರು. ಹಿಂದೆ ಆಳೆತ್ತರದ ಗಾಜುಗಳು ನಿಂತಿರುತ್ತಿದ್ದವು. ಮುಂದೆ ಇವರು, ಊರಿಗೆಲ್ಲ ತಾವೊಬ್ಬರೇ ಎನ್ನುವ ಹಾಗೆ ಹೋಗುತ್ತಿದ್ದರು. ಹಿಂದಿನಿಂದ ಬಂದ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಬೈದುಕೊಂಡು ಮುಂದೆ ಹೋಗುತ್ತಿದ್ದರು. ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಡೆದದ್ದು ಒಂದೇ ಗಾಜು, ಅದೂ ಇಳಿಸುವಾಗ ಗಿರಾಕಿಯ ಭಾವಮೈದನ ಕೈ ಜಾರಿ. ಜನ ಗಾಜಣ್ಣ ಎಂದು ಹೆಸರಿಟ್ಟರು.

ಒಂದು ದಿನ ಫೋಟೋ ಸ್ಟುಡಿಯೋದ ಮಾಲೀಕರು ಕನ್ನಡಿಯ ಜೊತೆ ಅದೇ ವ್ಯಾನಿನಲ್ಲಿ ಕೂತು ಬಂದರು. ಅವರು ಹೊಸದಾಗಿ ಡ್ರೋನ್ ಕೊಂಡಿದ್ದರು. ಯಾರು ಹಾರಿಸಿದರೂ ಚಿತ್ರ ಕುಲುಕುತ್ತಿತ್ತು. ಇಳಿಯುವಾಗ ಅವರು, "ಗಾಜಣ್ಣ, ನೀವೊಂದ್ಸಲ ಹಾರಿಸಿ ನೋಡಿ" ಎಂದರಂತೆ. ಮಾರನೇ ತಿಂಗಳು ನನ್ನ ಗಂಡ ವ್ಯಾನಿನ ಕೀಲಿ ಅಂಗಡಿಗೆ ಒಪ್ಪಿಸಿದರು. ಹನ್ನೊಂದು ವರ್ಷವಾಯಿತು. ಈ ಕರಾವಳಿಯ ಬಂಡೆ, ಬಂದರು, ಮರಳು, ನದಿ ಬಂದು ಕಡಲು ಸೇರುವ ಜಾಗ, ಯಾವುದನ್ನೂ ಅವರು ಮೇಲಿನಿಂದ ನೋಡದೆ ಬಿಟ್ಟಿಲ್ಲ.

ಹಾರಿಸುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ಹಾರಿಸುತ್ತಿದ್ದಾರೆ ಎಂದು ನೋಡುವವರಿಗೆ ಗೊತ್ತಾಗಬಾರದು, ಕಷ್ಟ ಇರುವುದು ಅಲ್ಲಿ. ರಿಮೋಟಿನ ಎರಡು ಕಡ್ಡಿಗಳನ್ನು ಚಿಟಿಕೆ ಉಪ್ಪು ಹಿಡಿದ ಹಾಗೆ ಬೆರಳಿನ ತುದಿಯಲ್ಲಿ ಹಿಡಿಯಬೇಕು. ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ನಿಲ್ಲಲು ಶುರು ಮಾಡಬೇಕು. ನನ್ನ ಕೆಲಸ ಪಕ್ಕದಲ್ಲಿ ಕೊಡೆ ಹಿಡಿದು ರಿಮೋಟಿನ ಪರದೆಗೆ ನೆರಳು ಕೊಡುವುದು, ಆಕಾಶದಲ್ಲಿ ಹದ್ದು ಬಂತೇ ಎಂದು ನೋಡುವುದು, ಚಿತ್ರೀಕರಣ ನಡೆಯುತ್ತಿರುವಾಗ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಇದೆಯೇ ಎಂದು ಗಮನಿಸುವುದು. ಮಾತಾಡಿದರೆ ಮಾತ್ರ, "ಸುಮ್ನಿರು ಕಣೇ" ಎಂಬುದೊಂದೇ ಅವರ ಮಂತ್ರ.

ಇನ್ನೊಂದು ಪದ್ಧತಿ ನಮ್ಮಿಬ್ಬರ ನಡುವೆ ಬೆಳೆದಿತ್ತು. ಶಾಟ್ ಮುಗಿದ ಮೇಲೆ ಅವರು ಗುಂಡಿ ಒತ್ತಿ ಚಿತ್ರೀಕರಣ ನಿಲ್ಲಿಸಿ ರಿಮೋಟನ್ನು ನನ್ನ ಕೈಗೆ ಕೊಡುತ್ತಿದ್ದರು. "ಮನೆಗೆ ಕರ್ಕೊಂಡ್ ಬಾ" ಎನ್ನುತ್ತಿದ್ದರು. ವಾಪಸಾತಿ ನನ್ನದು. ಅದನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ನನಗೆ ಭಯವೂ ಇರಲಿಲ್ಲ. ಅಲೆಗಳ ಮೇಲೆ ನನ್ನ ಪಾಡಿಗೆ ನಾನು ಬರುತ್ತಿದ್ದೆ. ಇಡೀ ದಿನದಲ್ಲಿ ನಾನು ಅವಸರಪಡದ ನಾಲ್ಕೈದು ನಿಮಿಷ ಅಂದರೆ ಅದೇ.

ಹೋದ ವರ್ಷ ಅವರು ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯತೊಡಗಿದರು. ಆಮೇಲೆ ಎರಡೂ ಕೈಯಲ್ಲಿ. ಶರಟಿನ ಮೇಲಿನ ಗುಂಡಿ ಹಾಕದೆಯೇ ಓಡಾಡತೊಡಗಿದರು. ಕೇಳಿದರೆ ಸೆಕೆ ಎಂದರು. ವೈದ್ಯರ ಹತ್ತಿರ ಒಬ್ಬರೇ ಹೋಗಿ ಬಂದು, ಚೀಟಿಯನ್ನು ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಇಟ್ಟರು. ಆ ಪೆಟ್ಟಿಗೆ ಒರೆಸುವವಳು ನಾನೇ ಎಂಬುದು ಅವರಿಗೆ ಹೊಳೆಯಲಿಲ್ಲ. ನಡುಕ ನಿಧಾನವಾಗಿ ಹೆಚ್ಚಬಹುದು ಎಂದು ಅದರಲ್ಲಿತ್ತು. ನಾನು ಓದಿ, ಮಡಚಿ, ಇದ್ದಲ್ಲೇ ಇಟ್ಟೆ. ಹೇಳದೆ ಇದ್ದಾರಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಸ್ಟುಡಿಯೋದವರು ಫೋನ್ ಮಾಡಿದರು. "ಗಾಜಣ್ಣ, ಹೋದ ಸಲದ ಬಂದರಿನ ಶಾಟ್ ಅಲ್ಲಲ್ಲಿ ಕುಲುಕಿ ಪಕ್ಕಕ್ಕೆ ಎಳೀತಿದೆ. ಈ ಕಡಲ ದಂಡೆ ಹೋಟೆಲಿನ ಜಾಹೀರಾತು ಕೆಲ್ಸ ದೊಡ್ಡದು. ಎರಡು ನಿಮಿಷ, ಎಲ್ಲೂ ಕತ್ತರಿಸೋ ಹಾಗಿಲ್ಲ. ಇದೂ ಹಾಗೇ ಬಂದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡಿ." ಇವರು, "ಆಗ್ಲಿ ಸಾರ್" ಎಂದು ಫೋನಿಟ್ಟು ಬಹಳ ಹೊತ್ತು ಲೆನ್ಸ್ ಒರೆಸಿದರು. ಡ್ರೋನ್ ಕೈಬಿಟ್ಟರೆ ಈ ಮನುಷ್ಯ ಏನಾಗುತ್ತಾರೆ ಎಂಬ ಚಿಂತೆ ನನಗೆ ಹತ್ತಿತು.

ಬೆಳಗಿನ ಗಾಳಿ ಏಳುವ ಮೊದಲೇ ಹೋಟೆಲಿನ ತಾರಸಿಯ ಮೇಲಿದ್ದೆವು. ಅಲ್ಲಿಂದ ಹೊರಟು ಮರಳು ದಾಟಿ, ಬಂಡೆಗಳ ಅಂಚಿನಲ್ಲೇ ಸಾಗಿ, ದೀಪಸ್ತಂಭದ ಮುಂದೆ ನಿಲ್ಲಬೇಕು. ಡ್ರೋನ್ ಮೇಲೆದ್ದಿತು. ಅವರು ಗುಂಡಿ ಒತ್ತಿದ್ದನ್ನು ಕಂಡೆ. ಅದೇ ಹೊತ್ತಿಗೆ ಬಂಡೆಗಳ ಕಡೆಯಿಂದ ಎರಡು ಹದ್ದು ಎದ್ದವು. ನಾನು ಕತ್ತು ಮೇಲೆ ಮಾಡಿದವಳು ಅವು ದೂರ ಹೋಗುವವರೆಗೂ ಕೆಳಗೆ ಮಾಡಲಿಲ್ಲ. ಮತ್ತೆ ಪರದೆ ನೋಡಿದಾಗ ದೀಪಸ್ತಂಭ ಹತ್ತಿರವಾಗುತ್ತಿತ್ತು. ಅಲ್ಲಿ ಚಿತ್ರ ಒಮ್ಮೆ ತಡವರಿಸಿತು. ಕಡಲಿನ ಗೆರೆ ಪಕ್ಕಕ್ಕೆ ಎಳೆದು ಸರಿಯಾಯಿತು. ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಚುಕ್ಕೆಯ ನೆನಪೂ ಆಗಲಿಲ್ಲ.

ಅವರು ಗುಂಡಿ ಒತ್ತಿ, ಉಸಿರು ಬಿಟ್ಟು, "ಇವತ್ತು ಬಂತು ನೋಡು. ಮನೆಗೆ ಕರ್ಕೊಂಡ್ ಬಾ" ಎಂದರು.

ಅರಳಿದ ಅವರ ಮುಖ ನೋಡಿ, ಕೊಡೆಯನ್ನು ಅವರ ಕೈಗೆ ಕೊಟ್ಟೆ. ರಿಮೋಟ್ ತೆಗೆದುಕೊಂಡೆ. ದೀಪಸ್ತಂಭವನ್ನು ಒಂದು ಸುತ್ತು ಹಾಕಿ, ಬಂಡೆಗಳ ಬದಿಗೆ ಇಳಿದು, ಅಲೆಗಳು ಬಂದು ಹೋಗುವ ಅಂಚನ್ನೇ ಹಿಡಿದು ಬಂದೆ. ತಾರಸಿಯ ಮೇಲೆ ಕೊಡೆ ಕಂಡಿತು, ಕೊಡೆಯ ಕೆಳಗೆ ನಾವಿಬ್ಬರು.

ಮನೆಗೆ ಬಂದು, ಕಿಟಕಿಯ ಪರದೆ ಎಳೆದು, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರು. ಎರಡೇ ಫೈಲು. ಮೊದಲನೆಯದು ಒಂದು ಸೆಕೆಂಡು, ಎರಡನೆಯದು ನಾಲ್ಕು ನಿಮಿಷ. ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಇರುವುದು ಒಂದೇ ಗುಂಡಿ; ಹೊರಡುವಾಗ ಅವರ ಬೆರಳು ನಡುಗಿ ಅದನ್ನು ಎರಡು ಸಲ ಒತ್ತಿತ್ತು. ಶುರುವಾದ ಕೂಡಲೇ ನಿಂತಿತ್ತು. ನಿಲ್ಲಿಸಲು ಒತ್ತಿದಾಗ ಶುರುವಾಗಿತ್ತು. ದೀಪಸ್ತಂಭಕ್ಕೆ ಹೋದದ್ದು ಏನೂ ಇರಲಿಲ್ಲ. ವಾಪಸ್ ಬಂದದ್ದೆಲ್ಲ ಇತ್ತು.

"ಅಯ್ಯೋ, ನನ್ನ ಕಣ್ಣಿಗೆ ಮಣ್ಣು ಹಾಕ! ಚುಕ್ಕೆ ನೋಡೋದು ಬಿಟ್ಟು ಹದ್ದು ನೋಡ್ತಾ ನಿಂತೆನಲ್ಲ" ಎಂದು ನಾನು ತಲೆ ಚಚ್ಚಿಕೊಂಡೆ.

"ಸುಮ್ನಿರು" ಎಂದರು. ನಾಲ್ಕು ನಿಮಿಷ ಪೂರ್ತಿ ನೋಡಿದರು. ಇನ್ನೊಂದು ಸಲ ನೋಡಿದರು. ದೀಪಸ್ತಂಭದ ಸುತ್ತ ಬರುವಾಗ ಅವರ ತಲೆಯೂ ಚಿತ್ರದ ಜೊತೆಗೇ ತಿರುಗಿತು.

"ಎಲ್ಲೂ ಎಳೆದಿಲ್ಲ" ಎಂದರು. ಲ್ಯಾಪ್‌ಟಾಪ್ ಮುಚ್ಚಿ, "ನನ್ನ ಕೈ ನಡುಗುತ್ತೆ ಕಣೇ. ಎಂಟು ತಿಂಗಳಾಯ್ತು" ಎಂದರು.

"ಗೊತ್ತು ರೀ."

"ಯಾವಾಗಿಂದ?"

"ಎಂಟು ತಿಂಗಳಿಂದ. ಚೀಟಿ ಮುಚ್ಚಿಡೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಮ್ಗೆ?"

ಅವರಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನು ಅವರ ಬಲಗೈಯನ್ನು ಹಿಡಿದುಕೊಂಡೆ. ಅದು ನನ್ನ ಎರಡು ಕೈಗಳ ನಡುವೆಯೂ ನಡುಗುತ್ತಿತ್ತು.

ಆಮೇಲೆ ನನ್ನೆದುರಿಗೇ ಸ್ಟುಡಿಯೋಗೆ ಫೋನ್ ಮಾಡಿದರು. "ಸಾರ್, ಒಂದು ಶಾಟ್ ಕಳಿಸ್ತೀನಿ. ಅದು ನಾನು ಹಾರಿಸಿದ್ದಲ್ಲ, ನಮ್ಮನೆಯವಳದ್ದು. ನನಗಿನ್ನು ಆಗಲ್ಲ, ಬೆರಳು ಮಾತು ಕೇಳ್ತಿಲ್ಲ. ಹಿಡಿಸಿದ್ರೆ ಇಟ್ಕೊಳ್ಳಿ" ಎಂದರು. ಹನ್ನೊಂದು ವರ್ಷದ ಹೆಸರನ್ನು ಇಷ್ಟು ಮಾತಿನಲ್ಲಿ ಕೆಳಗಿಟ್ಟುಬಿಟ್ಟರು. ನನಗೆ ಅವರ ಮೇಲೆ ಅಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ.

ಸಂಜೆ ಸ್ಟುಡಿಯೋದವರ ಉತ್ತರ ಬಂತು. ಹೋಟೆಲಿನವರು ಒಪ್ಪಿದ್ದರು; ನಾಲ್ಕು ನಿಮಿಷವಾದರೂ ಸರಿ, ಹೋಗುವುದಕ್ಕಿಂತ ಹೀಗೆ ಬರುವುದೇ ಚೆಂದ, ಕೊನೆಯ ಕೊಡೆಯೂ ಇರಲಿ ಎಂದಿದ್ದರಂತೆ. ಇನ್ನು ಮುಂದೆ ಇಬ್ಬರೂ ಬನ್ನಿ ಎಂದೂ ಬರೆದಿದ್ದರು.

ಈಗ ಕೊಡೆ ಅವರ ಕೈಯಲ್ಲಿದೆ. ನೆರಳು ಪರದೆಯ ಮೇಲೆ ಒಂದು ಕಡೆ ನಿಲ್ಲುವುದಿಲ್ಲ. "ಇನ್ನೂ ನಿಧಾನ, ಇನ್ನೂ ನಿಧಾನ" ಎಂದು ತಲೆ ತಿನ್ನುತ್ತಾರೆ. "ಸುಮ್ನಿರಿ ಅಂದ್ರೆ!" ಎಂದು ನಾನು ಗದರುತ್ತೇನೆ. ಶಾಟ್ ಮುಗಿದ ಮೇಲೆ ಚಿತ್ರೀಕರಣ ನಿಲ್ಲಿಸಿ ರಿಮೋಟನ್ನು ಅವರಿಗೆ ಕೊಡುತ್ತೇನೆ. ವಾಪಸಾತಿ ಈಗ ಅವರದು.

ಹೋದ ವಾರ ಮಾತ್ರ ನಾನು ಬೇಕೆಂದೇ ನಿಲ್ಲಿಸುವ ಗುಂಡಿ ಒತ್ತಲಿಲ್ಲ. ಅವರಿಗೆ ಕಾಣದ ಹಾಗೆ ಕೆಂಪು ಚುಕ್ಕೆಯ ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಚಿಕೊಂಡು ನಿಂತೆ. ಆ ಫೈಲು ನನ್ನ ಫೋನಿನಲ್ಲಿದೆ, ಯಾರಿಗೂ ತೋರಿಸಿಲ್ಲ. ಅದರಲ್ಲಿ ಕಡಲು ಅಲ್ಲಲ್ಲಿ ಎಳೆಯುತ್ತದೆ, ಬಂಡೆಗಳು ನಡುಗುತ್ತವೆ, ದಡ ಸ್ವಲ್ಪ ಆ ಕಡೆ ಈ ಕಡೆ ಆಗುತ್ತದೆ. ಆದರೂ ಅವರು ಬರುತ್ತಾರೆ, ಅವಸರವಿಲ್ಲದೆ, ನಾನು ನಿಂತಿರುವ ಕಡೆಗೇ.