ಆಚೆ ದಡದವನನ್ನು ಕರೆಯದ ಎರಡು ದಿನ

ನಂಬದಿದ್ದರೆ ಬುಡಿ, ಮಳವಳ್ಳಿ ಸೀಮೆಯ ಕಾವೇರಿಯಲ್ಲಿ ನನ್ನಂಗೆ ಹರಿಗೋಲು ಹಾಕೋನು ಇನ್ನೊಬ್ಬನಿಲ್ಲ. ಟೂರಿಸ್ಟುಗಳು ಬಾಡಿಗೆಗೆ ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಯಾರಾದರೂ ಮುಳುಗಿದರೂ ಕರೆಯೋದು ನನ್ನನ್ನೇ. ಹೆಣ ಹುಡುಕೋಕೆ ನಾವು ಬಾಡಿಗೆ ಮುಟ್ಟೋದಿಲ್ಲ. ಮೊದಲು ಹೊರಟವನು ಕರೆಯುವ ತನಕ ಇನ್ನೊಬ್ಬ ಹರಿಗೋಲಿನವನು ನೀರಿಗಿಳಿಯುವಂತೆಯೂ ಇಲ್ಲ. ಅದು ನಮ್ಮ ಕಟ್ಟಳೆ.

ಮದ್ದೂರಿನಲ್ಲಿ ಗ್ಯಾರೇಜು ಇಟ್ಟಿರುವ ರಹಮತ್ ಸಾಬರ ಮಗ ಈಜಲು ಬಂದು ಮುಳುಗಿದ್ದ. "ಮಣ್ಣು ಮಾಡೋಕ್ ಮುಂಚೆ ಅವನ ಮುಖ ಒಂದ್ಸಲ ನೋಡ್ಬೇಕು ಕಣಪ್ಪ" ಅಂದರು ಸಾಬರು.

"ಮದ್ಯಾನದ ಊಟದೊಳ್ಗೆ ಎತ್ಕೊಡ್ತೀನಿ, ಕೂತ್ಕಳಿ" ಅಂದೆ.

ನೀರು ಸುಳಿಯುವ ಆಳದ ಮಡುವಿನಲ್ಲೇ ಇದ್ದಾನೆ ಅಂತ ನನ್ನ ಹಟ. ಎರಡು ದಿನ ಅಲ್ಲೇ ಸುತ್ತಿದೆ. ಆಚೆ ದಡದ ಹರಿಗೋಲಿನ ನಂಜ ಕೂಗುತ್ತಿದ್ದ: "ಲೇ, ಕೆಳಗಡೆ ಬಂಡೆ ಸಂದಿ ನೋಡ್ಲಾ! ಇಲ್ಲಾ ನನ್ನಾರ ಕರೀಲಾ!"

"ನಿನ್ ಕೆಲ್ಸ ನೋಡ್ಕೊ ಓಗ್ಲಾ" ಅಂದೆ.

ಮೂರನೇ ದಿನ ಬೆಳಿಗ್ಗೆ ಸೋತು ಅವನನ್ನು ಕರೆದೆ. ಅರ್ಧ ಗಂಟೆಯಲ್ಲಿ ಅದೇ ಬಂಡೆ ಸಂದಿಯಲ್ಲಿ ಹೆಣ ಸಿಕ್ಕಿತು. ಮುಖ ಅಂತ ಏನೂ ಉಳಿದಿರಲಿಲ್ಲ. ಸಾಬರು ಹೊದಿಸಿದ್ದ ಬಟ್ಟೆ ಎತ್ತಿ ನೋಡಲು ಬಂದಾಗ ನಾನೇ ಅವರ ಕೈ ಹಿಡಿದುಕೊಂಡೆ. "ಬ್ಯಾಡಿ ಯಜಮಾನ್ರೆ."

ಮದ್ದೂರಿನ ಖಬರಸ್ತಾನದಲ್ಲಿ ಎಲ್ಲರ ಹಿಂದೆ ನಿಂತಿದ್ದೆ. ಸಾಬರು ಬಯ್ಯಲಿಲ್ಲ. ಕರೆದು ಗುಂಡಿಯ ಹತ್ತಿರ ನಿಲ್ಲಿಸಿ, ಅವರ ಮನೆಯವರು ಹಾಕಿದ ಹಾಗೆ ನೀನೂ ಹಾಕು ಅಂತ ನನ್ನ ಕೈಗೆ ಮೂರು ಸಲ ಹಿಡಿ ಮಣ್ಣು ಕೊಟ್ಟರು.