ಮೀನುಗಳ ಪಾರಣೆ

ಪಾಚಿಯನ್ನು ಕಂಡರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಸೀತಾ ಮೂಗು ಚಾಚುತ್ತಾಳೆ. ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿಯಿಂದ ಒಂದು ಚೂರನ್ನು ಎತ್ತಿ, ಬೆರಳುಗಳ ನಡುವೆ ಹೊಸಕಿ, ಮೂಸಿ, ಸಾರಿಗೆ ಹುಳಿ ಸಾಲದೋ ಹೆಚ್ಚೋ ಎಂದು ತೂಗುವ ಅಡುಗೆಯವಳಂತೆ ಅರೆಗಣ್ಣು ಮುಚ್ಚಿ ನಿಲ್ಲುತ್ತಾಳೆ. ತೀರ್ಪು ಆಮೇಲೆ. ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಹುಡಿ ಕೂತಿದ್ದರೆ ಆಕೆ ನಕ್ಕುಬಿಡುತ್ತಾಳೆ: “ಇದು ಹಸುಗೂಸಿಗೆ ಬರೋ ಗುಳ್ಳೆ ಇದ್ದಂಗೆ. ಒಂದು ತಿಂಗಳು ಸುಮ್ನಿರಿ, ತಾನೇ ಹೋಗ್ತದೆ.” ಕಲ್ಲಿನ ಮೇಲೆ ಹಸಿರು ಕೂದಲು ಬೆಳೆದಿದ್ದರೆ ಕೈಯಿಂದಲೇ ಕಿತ್ತು, ಅದನ್ನು ಮೇಯುವ ಬಸವನಹುಳುಗಳನ್ನು ಬಿಡುತ್ತಾಳೆ. ಹಸಿರು ಮುತ್ತಿನಂಥ ಗುಂಡುಗಳು ಕಂಡರೆ ಮಾತ್ರ ಮನೆಯ ಯಜಮಾನನನ್ನೂ ಗದರಿಸದೆ ಬಿಡುವುದಿಲ್ಲ: “ಒಡೆದೀರಿ, ಜೋಕೆ! ಒಂದು ಒಡೆದ್ರೆ ನೂರು ಹುಟ್ತವೆ.”

ಪೆರಂಬೂರಿನಿಂದ ಹೊರಟು ಚೆನ್ನೈಯ ನಾಲ್ಕೂ ದಿಕ್ಕಿಗೆ ಬಕೆಟ್ಟು, ರಬ್ಬರ್ ಕೊಳವೆ, ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನು ಹೊತ್ತು ತಿರುಗುವ ಈ ಐವತ್ತೆರಡರ ಹೆಣ್ಣುಮಗಳಿಗೆ ಗಿರಾಕಿಗಳು ‘ಪಾಸಿ ಡಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ತಮಿಳಿನ ಪಾಸಿ ನಮ್ಮ ಪಾಚಿಯೇ. ಡಾಕ್ಟರ್ ಎಂಬುದನ್ನು ಅವರು ತಮಾಷೆಗೆ ಹೇಳುತ್ತಾರೆ. ಸೀತಾ ತಮಾಷೆಯಾಗಿ ಸ್ವೀಕರಿಸುವುದಿಲ್ಲ. ಆಕೆಯ ತಂದೆ ಬಂಗಾರಪೇಟೆಯ ಕಡೆಯಿಂದ ಬಂದು ರೈಲುಗಾಡಿಗಳ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಕೆಟ್ಟದ್ದು ಎಲ್ಲಿ ಎಂದು ಗೊತ್ತಾಗುವ ಮೊದಲು ಸುತ್ತಿಗೆ ಎತ್ತಬಾರದು ಎಂಬುದು ಅವರು ಮಗಳಿಗೆ ಬಿಟ್ಟುಹೋದ ಆಸ್ತಿ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ಬಿದ್ದ ಸೀತಾ ಕೊಳತ್ತೂರಿನ ಮೀನಿನಂಗಡಿಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹಗಲೆಲ್ಲ ಉಪ್ಪುನೀರು ಹೊತ್ತು, ಸಂಜೆ ಆರೂವರೆಗೆ ಟ್ಯುಟೋರಿಯಲ್ಲಿನ ಬೆಂಚಿನ ಮೇಲೆ ಕೂತು, ಅದೇ ಗಣಿತವನ್ನು ಗೆದ್ದಳು. ಸಂಜೆ ಕಲಿತವರು ಕಲಿತದ್ದನ್ನು ಮರೆಯುವುದಿಲ್ಲ. ಕಣ್ಣು ಎಳೆಯುತ್ತಿರುವಾಗ ತಲೆಗೆ ಹತ್ತಿದ್ದು ತಲೆಯಲ್ಲಿಯೇ ಉಳಿಯುತ್ತದೆ.

ಇಂಥವಳನ್ನು ಬೆಸೆಂಟ್ ನಗರದ ಒಂದು ತೊಟ್ಟಿ ಮೂರು ಸಲ ಸೋಲಿಸಿತು.

ಅದು ಸಂಜೀವನ ಮನೆ. ಪೆರುಂಗುಡಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಸಂಜೀವ ಆ ತೊಟ್ಟಿಯನ್ನು ತಂದದ್ದು ತಾಯಿ ಜಯಲಕ್ಷ್ಮಮ್ಮನವರಿಗಾಗಿ. ಎಪ್ಪತ್ತಾರರ ಆ ತಾಯಿ ನಲವತ್ತು ವರ್ಷ ಪ್ರತಿ ಸಂಜೆ ಎರಡು ಬೀದಿ ದಾಟಿ ಸಮುದ್ರದ ದಂಡೆಗೆ ಹೋಗಿ ಬಂದವರು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೂರನೆಯ ಮಹಡಿಯಿಂದ ಇಳಿಯುವುದು ನಿಂತಿತು. ಸಮುದ್ರಕ್ಕೆ ಅಮ್ಮ ಹೋಗಲಾರದಿದ್ದರೆ ಅಮ್ಮನ ಬಳಿಗೆ ಸಮುದ್ರ ಬರಲಿ ಎಂದು ಮಗ ನಡುಮನೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ಇರಿಸಿದ. ಬಿಳಿಯ ಮರಳು, ನಾಲ್ಕು ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಜಯಲಕ್ಷ್ಮಮ್ಮ ದೊಡ್ಡದಕ್ಕೆ ರುಕ್ಮಿಣಿ, ಚಿಕ್ಕದಕ್ಕೆ ಪಾಂಡುರಂಗ ಎಂದು ಹೆಸರಿಟ್ಟು, ಬೆತ್ತದ ಕುರ್ಚಿಯನ್ನು ಗಾಜಿನ ಮುಂದೆ ಎಳೆಸಿಕೊಂಡು, ಟಿ.ವಿ.ಯನ್ನೇ ಮರೆತರು.

ಆರು ತಿಂಗಳಿಗೆ ಬಿಳಿಯ ಮರಳಿನ ಮೇಲೆ ಕೆಂಪು ಕೆನೆ ಕಟ್ಟಿತು. ಮದುವೆ ಮನೆಯ ಜಮಖಾನೆಯಂತೆ ಮೂಲೆಯಿಂದ ಮೂಲೆಗೆ ಹಾಸಿಕೊಂಡು, ಮಧ್ಯಾಹ್ನದ ಬೆಳಕಿಗೆ ಮೈತುಂಬ ಗುಳ್ಳೆ ಬಿಡುತ್ತಿತ್ತು. ಸೀತಾ ಬಂದಳು, ಹೊಸಕಿದಳು, ಮೂಸಿದಳು.

“ಇದು ಪಾಚಿ ಅಲ್ಲ ಸಾರ್. ಪಾಚಿ ವೇಷ ಹಾಕ್ಕೊಂಡಿರೋ ಸೂಕ್ಷ್ಮಜೀವಿ. ನೋಡಿ, ಹಾಲಿನ ಕೆನೆ ಥರ ಇಡೀ ಹಾಳೆನೇ ಎದ್ದು ಬರ್ತದೆ.”

“ಪುಡಿ ಔಷಧ ಸಿಗತ್ತಂತೆ ಸೀತಮ್ಮ, ಎರಡೇ ದಿನದಲ್ಲಿ ಕ್ಲೀನ್ ಅಂತೆ,” ಎಂದ ಸಂಜೀವ.

“ಔಷಧ ಹಾಕಿದ್ರೆ ಅದೂ ಸಾಯ್ತದೆ, ನೀರು ಕಾಯೋ ಒಳ್ಳೇ ಜೀವಗಳೂ ಸಾಯ್ತವೆ. ಮೊದ್ಲು ಇದಕ್ಕೆ ಊಟ ಹಾಕ್ತಿರೋರು ಯಾರು ಅಂತ ಹುಡುಕೋಣ.”

ಕೊಳವೆಯಿಂದ ಕೆಂಪನ್ನೆಲ್ಲ ಹೀರಿ ತೆಗೆದಳು, ನೀರು ಬದಲಿಸಿದಳು, ನೀರಿನ ಓಟವನ್ನು ಮರಳಿನ ಕಡೆಗೆ ತಿರುಗಿಸಿದಳು, ದೀಪದ ಹೊತ್ತನ್ನು ಕಡಿಮೆ ಮಾಡಿದಳು. ಮರಳು ಮಲ್ಲಿಗೆಯಾಯಿತು. ಹದಿನೈದು ದಿನಕ್ಕೆ ಮತ್ತೆ ಜಮಖಾನೆ. ಮತ್ತೆ ಹೀರಿದಳು, ಮತ್ತೆ ಹಾಸಿತು. ನೀರಿನ ಮೇಲೆ ಎಣ್ಣೆಯ ತೆಳುಪೊರೆ ತೇಲುತ್ತಿದ್ದುದು ಆಕೆಯನ್ನು ಮುಳ್ಳಿನಂತೆ ಚುಚ್ಚಿತು. ಸಂಜೀವ ಕೈಗೆ ಕ್ರೀಮು ಹಚ್ಚಿಕೊಂಡು ನೀರಿಗೆ ಇಳಿಸಿರಬಹುದೆಂದು ಅವನ ಕೈಯನ್ನೇ ಹಿಡಿದು ಮೂಸಿ ನೋಡಿದಳು. ಅವನು ಬೆಚ್ಚಿಬಿದ್ದ. ಅವನ ಹನ್ನೆರಡರ ಮಗಳು ತೃಷಾ ಸೋಫಾದಿಂದ ಜಾರಿಬೀಳುವಂತೆ ನಕ್ಕಳು.

ಮೀನಿನ ಆಹಾರದ ಡಬ್ಬಿಯನ್ನೂ ಕೇಳಿದಳು. ಅದರ ಸುತ್ತ ವೃತ್ತಪತ್ರಿಕೆಯ ಕಾಗದ ಅಂಟಿಸಿತ್ತು. ಸಂಜೀವ ದನಿ ತಗ್ಗಿಸಿದ: “ಅದರಲ್ಲಿ ಸೀಗಡಿ ಪುಡಿ ಇದೆ. ಅಮ್ಮ ಅದು ನವಣೆ ಅಂದ್ಕೊಂಡಿದಾರೆ. ದಯವಿಟ್ಟು ಹೇಳ್ಬೇಡಿ. ದಿನಕ್ಕೆ ಒಂದೇ ಚಿಟಿಕೆ, ನಾನೇ ಅಳೆದು ಕೊಡ್ತೀನಿ.”

ಮೂರನೆಯ ಸಲ ಕೆಂಪು ಮರಳಿದಾಗ ಸಂಜೀವ ಕೈಚೆಲ್ಲಿದ. “ಇನ್ನೊಂದು ಸಲ ಬಂದ್ರೆ ಮುಗೀತು ಸೀತಮ್ಮ. ಪೋರೂರಿನ ಕ್ಲಿನಿಕ್ಕಿನವರು ವೇಟಿಂಗ್ ರೂಮಿಗೆ ಟ್ಯಾಂಕ್ ಕೇಳ್ತಿದಾರೆ. ಈ ತಿಂಗಳ ಕೊನೇ ಭಾನುವಾರ ಮೂರು ಗಂಟೆಗೆ ಬರ್ತಾರೆ. ಮರಳು ಬೆಳ್ಳಗಿದ್ರೆ ಬರಿಗೈಲಿ ಹೋಗ್ಲಿ, ಕೆಂಪಗಿದ್ರೆ ತಗೊಂಡು ಹೋಗ್ಲಿ.”

ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಜಯಲಕ್ಷ್ಮಮ್ಮ ಗಾಜಿನ ಮೇಲೆ ಅಂಗೈ ಇಟ್ಟರು. ರುಕ್ಮಿಣಿ ಈಜಿ ಬಂದು ಆ ಅಂಗೈಯ ಎದುರು ನಿಂತಿತು. ಸೀತಾ ಆ ನೋಟವನ್ನು ಕಂಡು ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು.

“ಅಮ್ಮಾ, ಇದುವರ್ಗೂ ಒಂದು ಟ್ಯಾಂಕನ್ನೂ ನಾನು ಪಾಚಿಗೆ ಬಿಟ್ಟುಕೊಟ್ಟಿಲ್ಲ. ನಿಮ್ದೂ ಬಿಡಲ್ಲ.”

ಮಾತು ಕೊಟ್ಟದ್ದಾಯಿತು; ಕೆಂಪನ್ನು ಇನ್ನೊಮ್ಮೆ ಹೀರಿ ತೆಗೆದದ್ದೂ ಆಯಿತು. ಮನೆಗೆ ಹೋಗಿ ದಿನಚರಿ ತೆರೆದು, ಕೆಂಪು ಮರಳಿದ ಮೂರು ತಾರೀಕುಗಳನ್ನು ಒಂದರ ಕೆಳಗೊಂದು ಬರೆದಳು. ರೈಲ್ವೆಯವರ ಮಗಳು, ವೇಳಾಪಟ್ಟಿಯ ವಾಸನೆ ಬಲ್ಲವಳು. ಹದಿನೈದು ದಿನ, ಮತ್ತೆ ಹದಿನೈದು ದಿನ! ಯಾವ ಸೂಕ್ಷ್ಮಜೀವಿ ಇಷ್ಟು ಕರಾರುವಾಕ್ಕಾಗಿ ಓಡುತ್ತದೆ? ಮರುದಿನ ಬೆಸೆಂಟ್ ನಗರಕ್ಕೆ ಓಡಿ, ಆ ಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರಿನ ಮುಂದೆ ನಿಂತಳು. ಆಕೆಯ ಪ್ರತಿ ತಾರೀಕಿಗೂ ಮೂರು ನಾಲ್ಕು ದಿನ ಮೊದಲು ಒಂದು ಕೆಂಪು ಸುತ್ತು.

“ಪುಟ್ಟೀ, ಈ ಸುತ್ತು ಏನು?”

“ಅದು ಏಕಾದಶಿ ಆಂಟಿ,” ಎಂದಳು ತೃಷಾ. “ಅಜ್ಜಿ ಉಪವಾಸ. ಅನ್ನಿಕ್ಕು ಮೀನುಕ್ಕುಂ ಸಾಪ್ಪಾಡು ಕಿಡೆಯಾದು.”

ಅಂದು ಮೀನಿಗೂ ಊಟವಿಲ್ಲ! ಸೀತಾ ಹುಬ್ಬು ಹಾರಿಸಿದಳು. ಒಂದು ದಿನದ ಉಪವಾಸ ಮೀನಿಗೆ ಒಳ್ಳೆಯದೇ, ತೊಟ್ಟಿಗೆ ಇನ್ನೂ ಒಳ್ಳೆಯದು. ಅಪರಾಧ ಏಕಾದಶಿಯದಲ್ಲ. ಹಾಗಾದರೆ ಮರುದಿನ ಏನು ನಡೆಯುತ್ತದೆ? ಜಯಲಕ್ಷ್ಮಮ್ಮನವರ ಕಡೆ ತಿರುಗಿದರೆ ಅವರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಸೆರಗಿನಿಂದ ಕೈಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದರು. ಬೆರಳುಗಳಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಮುಂದಿನ ದ್ವಾದಶಿ, ಉಪವಾಸ ಮುರಿದು ಪಾರಣೆ ಮಾಡುವ ದಿನ, ಬುಧವಾರ ಬಂತು; ಆ ಕೊನೆಯ ಭಾನುವಾರಕ್ಕೆ ನಾಲ್ಕೇ ದಿನ. ಸೀತಾ ಮೊದಲ ಬಸ್ಸು ಹಿಡಿದು, ಆರು ಗಂಟೆಯ ಮೊದಲೇ ಮೂರು ಮಹಡಿ ಏರಿದಳು. ಸಂಜೀವ ಬೆಳಗಿನ ನಡಿಗೆಗೆ ಹೋಗಿದ್ದ; ನಿದ್ದೆಗಣ್ಣಿನ ತೃಷಾ ಬಾಗಿಲು ತೆರೆದಳು. ಒಳಗೆ ಒಗ್ಗರಣೆಯ ಘಮ. ನಡುಮನೆಯಲ್ಲಿ, ಕೆಂಪು ಮಡಿಸೀರೆಯುಟ್ಟ ಜಯಲಕ್ಷ್ಮಮ್ಮ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬೆಳ್ಳಿಯ ಬಟ್ಟಲು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದರು. ಬಟ್ಟಲಿನ ತುಂಬ ಹಬೆಯಾಡುವ ಅನ್ನ, ಹೆಸರುಬೇಳೆಯ ತೊವ್ವೆ. ಬಟ್ಟಲು ಆಗಲೇ ನೀರಿನ ಮೇಲೆ ಬಾಗಿತ್ತು.

“ಅಮ್ಮಾ! ಬೇಡ!” ಸೀತಾ ಹಾರಿದಳು.

“ಮುಟ್ಟಬೇಡ್ವೇ! ಮಡಿ!”

ಸೀತಾಳ ಕೈ ಗಾಳಿಯಲ್ಲಿಯೇ ನಿಂತಿತು. ಹಿಡಿಯುವಂತಿಲ್ಲ, ಬಿಡುವಂತಿಲ್ಲ. ಬಟ್ಟಲು ಬಾಗುತ್ತಲೇ ಇತ್ತು. ಆಕೆ ಬಕೆಟ್ಟಿನಿಂದ ಮೀನು ಹಿಡಿಯುವ ಬಲೆಯನ್ನು ಸೆಳೆದು ನೀರಿಗೂ ಬಟ್ಟಲಿಗೂ ನಡುವೆ ಚಾಚಿದಳು. ಪಚಕ್! ದ್ವಾದಶಿಯ ಇಡೀ ಅಡುಗೆ ಬಲೆಗೆ ಬಿತ್ತು. ಕೆಳಗೆ ರುಕ್ಮಿಣಿ ಮತ್ತು ಪಾಂಡುರಂಗ ಬಾಯಿ ತೆರೆದುಕೊಂಡು ಆಕಾಶ ನೋಡಿದವು.

“ತುಪ್ಪ ಹಾಕಿದೀರಾ?” ಸೀತಾ ಬಲೆಯನ್ನು ಮೂಸಿ ಕೂಗಿದಳು.

“ತುಪ್ಪ ಇಲ್ದೆ ಪಾರಣೆ ಏನೇ ಅದು?”

ಎಣ್ಣೆಯ ಪೊರೆ! ಸೀತಾ ನೆಲದ ಮೇಲೆ ಕೂತು, ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ನಗು ತೃಷಾಳಿಗೆ ಅಂಟಿತು. ಕೊನೆಗೆ ಜಯಲಕ್ಷ್ಮಮ್ಮನವರ ಬಿಗಿದ ತುಟಿಯೂ ಸಡಿಲಿತು.

“ಸಂಜೀವನಿಗೆ ಹೇಳ್ಬೇಡ್ವೇ,” ಎಂದರು ಕುರ್ಚಿಯಲ್ಲಿ ಕೂರುತ್ತ. “ಹದಿಮೂರು ದಿನ ಅವನು ಹೇಳಿದ ಹಾಗೇ ಒಂದು ಚಿಟಿಕೆ ನವಣೆ ಹಾಕ್ತೀನಿ. ಏಕಾದಶಿ ದಿನ ನನ್ನ ಜೊತೆ ಅವೂ ಉಪವಾಸ ಇರ್ತಾವೆ. ಅವು ಹಸ್ಕೊಂಡಿರುವಾಗ ನಾನು ಹ್ಯಾಗೆ ಮೊದಲು ಉಣ್ಣಲಿ? ದೇವರ ನೈವೇದ್ಯ ಆದ ಮೇಲೆ ಮೊದಲು ಅವಕ್ಕೆ, ಆಮೇಲೆ ನನಗೆ.”

ಮಗ ತಾಯಿಗೆ ಹೇಳದ ಸೀಗಡಿ, ತಾಯಿ ಮಗನಿಗೆ ಹೇಳದ ತುಪ್ಪ: ಎರಡೂ ಗುಟ್ಟುಗಳು ಸೀತಾಳ ಹೊಟ್ಟೆಯಲ್ಲಿ ಕುಣಿದಾಡಿದವು. ಒಂದನ್ನೂ ಆಕೆ ಹೊರಗೆ ಬಿಡಲಿಲ್ಲ.

“ಅಮ್ಮಾ, ನಿಮ್ಮ ಏಕಾದಶಿ ತುಂಬ ಸರಿ. ದ್ವಾದಶೀಲಿ ತಪ್ಪಾಗಿದೆ. ಈ ಮೀನು ಎರಡು ಅಗುಳು ಕಚ್ತಾವೆ, ಅಷ್ಟೆ. ಮಿಕ್ಕಿದ್ದು ಕಲ್ಲಿನ ಕೆಳಗೆ ಹೋಗಿ ಕೊಳೀತದೆ. ಆ ಕೆಂಪಿದೆಯಲ್ಲ, ಪಾರಣೆ ಮಾಡ್ತಿರೋದು ಅದು! ನಮ್ಮ ಲೆಕ್ಕ ಎರಡು ನಿಮಿಷ. ಅಷ್ಟರಲ್ಲಿ ಮೀನು ತಿಂದು ಮುಗಿಸೋಷ್ಟೇ ಹಾಕ್ಬೇಕು, ಅದೂ ಡಬ್ಬೀಲಿರೋದನ್ನ.”

“ಇಡೀ ದಿನ ಉಪವಾಸ ಇದ್ದವರಿಗೆ ಎರಡು ನಿಮಿಷದ ಊಟವೇ?” ಜಯಲಕ್ಷ್ಮಮ್ಮ ಕೇಳಿದರು. ಗಾಜಿನತ್ತ ನೋಡಿದರು. ಇದ್ದಕ್ಕಿದ್ದಂತೆ ಊರುಗೋಲನ್ನು ನೆಲಕ್ಕೆ ತಟ್ಟಿದರು. “ಸಾಧನಿ ದ್ವಾದಶಿ!”

“ಹಂಗಂದ್ರೆ?”

“ಕೆಲವು ಸಲ ದ್ವಾದಶಿ ತಿಥಿ ಬೆಳಗ್ಗೆ ಬೇಗ ಮುಗಿದುಹೋಗತ್ತೆ ಕಣೇ. ಆವತ್ತು ಮೃಷ್ಟಾನ್ನ ಗಿಷ್ಟಾನ್ನ ಏನಿಲ್ಲ. ಗಡಿಬಿಡೀಲಿ ತುತ್ತು ಬಾಯಿಗಿಟ್ರೆ ಪಾರಣೆ ಆಯ್ತು, ಪುಣ್ಯಕ್ಕೇನೂ ಕಮ್ಮಿ ಇಲ್ಲ. ಇವಕ್ಕೆ ಪ್ರತಿ ದ್ವಾದಶಿಯೂ ಸಾಧನಿ ದ್ವಾದಶಿ ಅಂತ ಮಾಡಿಬಿಡೋಣ. ಗಡಿಯಾರ ಬೇಡ, ನಾನು ಕೇಶವ ನಾಮ ಇಪ್ಪತ್ತನಾಲ್ಕೂ ಹೇಳ್ತೀನಿ. ನಾಮ ಮುಗೀತು, ಊಟ ಮುಗೀತು.”

ಸಂಜೆ ತರಗತಿಯ ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಪಾಠವನ್ನು ಹಿಡಿದಿರಲಿಲ್ಲ. ಸೀತಾ ಎದ್ದು, ಮಡಿಯ ನೆನಪಾಗಿ, ದೂರದಿಂದಲೇ ಕೈ ಮುಗಿದಳು.

ಭಾನುವಾರ ಬೆಳಗ್ಗೆ ಮರಳು ಬೆಳ್ಳಗಿತ್ತು. ಆದರೆ ಕೆಂಪು ಮೇಲೇಳುವುದು ಮಧ್ಯಾಹ್ನದ ಬೆಳಕಿಗೆ. ಅಲ್ಲಿಯವರೆಗೆ ಯಾರಿಗೂ ಉಸಿರಿಲ್ಲ. ಊಟ ಮುಗಿಸಿ ನಾಲ್ವರೂ ತೊಟ್ಟಿಯ ಮುಂದೆ ಕ್ರಿಕೆಟ್ ನೋಡುವವರಂತೆ ಸಾಲಾಗಿ ಕೂತರು. ಒಂದೂವರೆ. ಎರಡು. ಎರಡೂವರೆಗೆ ತೃಷಾ ಕಿರುಚಿದಳು: “ಅಯ್ಯೋ! ಸಿವಪ್ಪು! ಅಂಗೇ ಪಾರುಂಗ, ಅಲ್ಲಿ ನೋಡಿ!”

ಬಲಗಡೆಯ ಮೂಲೆಯಲ್ಲಿ ಅಂಗೈಯಗಲದ ಕೆಂಪು! ಸಂಜೀವ ಫೋನಿಗೆ ಕೈಹಾಕಿದ. ಜಯಲಕ್ಷ್ಮಮ್ಮ “ರಾಯರೇ!” ಎಂದು ಎದ್ದುನಿಂತರು. ಅವರು ನಿಂತೊಡನೆ ಕೆಂಪೂ ಎದ್ದು ನಿಂತಿತು. ಅವರು ಎಡಕ್ಕೆ ಸರಿದರೆ ಕೆಂಪೂ ಎಡಕ್ಕೆ ಸರಿಯಿತು.

“ಅಮ್ಮಾ, ಅದು ನಿಮ್ಮ ಸೀರೆ!” ಸೀತಾ ಕೂಗಿದಳು. “ಗಾಜಿನಲ್ಲಿ ಕಾಣ್ತಿರೋದು ನಿಮ್ಮ ಸೀರೆ!”

ಯಾರು ಮೊದಲು ನಕ್ಕರೋ ಹೇಳಲಾಗದು. ಮೂರಕ್ಕೆ ಕ್ಲಿನಿಕ್ಕಿನವರು ಬಂದಾಗ ಸಂಜೀವ ಕಣ್ಣೊರೆಸಿಕೊಳ್ಳುತ್ತ ಬಾಗಿಲು ತೆರೆದು, “ಕ್ಷಮಿಸಿ, ಟ್ಯಾಂಕ್ ಕೊಡೋ ಹಾಗಿಲ್ಲ. ಕಾಫಿ ಕುಡಿದು ಹೋಗಿ,” ಎಂದ. ಅವರು ಹೋದ ಮೇಲೆ, ಗೆದ್ದ ಧೈರ್ಯದಲ್ಲಿ, ಜಯಲಕ್ಷ್ಮಮ್ಮ ಮಗನಿಗೆ ತುಪ್ಪದ ಗುಟ್ಟನ್ನು ತಾವೇ ಒಪ್ಪಿಸಿಬಿಟ್ಟರು. ಸಂಜೀವ ಅಮ್ಮನನ್ನು ನೋಡಿದ, ಕಾಗದ ಅಂಟಿಸಿದ ಡಬ್ಬಿಯನ್ನು ನೋಡಿದ, ಸೀತಾಳನ್ನು ನೋಡಿದ, ಬಾಯಿ ಮುಚ್ಚಿಕೊಂಡ. ಸೀತಾ ಸೂರು ನೋಡಿದಳು.

ಮುಂದಿನ ದ್ವಾದಶಿಯಂದು ಸೀತಾ ಪರೀಕ್ಷಕಿಯಾಗಿ ಬಂದು ಬಾಗಿಲಲ್ಲಿ ನಿಂತಳು. ಜಯಲಕ್ಷ್ಮಮ್ಮ ಒಂದು ಚಿಟಿಕೆ ‘ನವಣೆ’ ಹಾಕಿ ಕಣ್ಣು ಮುಚ್ಚಿ ಆರಂಭಿಸಿದರು: “ಕೇ...ಶ...ವಾ...ಯ... ನ...ಮಃ.” ದೀರ್ಘವಾದ ಉಸಿರು. “ನಾ...ರಾ...ಯ...ಣಾ...ಯ...” ಇನ್ನೊಂದು ಉಸಿರು, ಮುಚ್ಚಿದ ಕಣ್ಣಿನಲ್ಲಿಯೇ ಇನ್ನೊಂದು ಚಿಟಿಕೆಗೆ ಬೆರಳು ಡಬ್ಬಿಯ ಕಡೆ ಹೊರಟಿತು.

“ಅಮ್ಮಾ!” ಸೀತಾ ಬಾಗಿಲಿಂದಲೇ ಗುಡುಗಿದಳು. “ಪ್ಯಾಸೆಂಜರ್ ಬೇಡ, ಎಕ್ಸ್‌ಪ್ರೆಸ್ ಬಿಡಿ!”

ಬೆರಳು ಹಿಂದಕ್ಕೆ ಬಂತು. ಉಳಿದ ಇಪ್ಪತ್ತೆರಡು ನಾಮಗಳು ಒಂದೂ ನಿಲ್ದಾಣದಲ್ಲಿ ನಿಲ್ಲದೆ ಓಡಿದವು. ಬಿಳಿಯ ಮರಳಿನ ಮೇಲೆ ರುಕ್ಮಿಣಿ ಕೊನೆಯ ಕಾಳನ್ನು ಪಾಂಡುರಂಗನ ಬಾಯಿಂದ ಕಿತ್ತುಕೊಂಡು ಪಾರಣೆ ಮುಗಿಸಿತು.